ನಿಮಿಷಕ್ಕೊಂದು ಇಂಚು

ಯಾವುದೇ ಒಂದು ಸಾಮಾನ್ಯ ತಲೆಯಿಂದ ನಿಮಿಷಕ್ಕೊಂದು ಇಂಚು ಕೂದಲು ಹೊರಗೆ ಬರುತ್ತಿರುತ್ತದೆ. ಹುಬ್ಬೇರಿಸುವ ಮೊದಲು ಲೆಕ್ಕ ನೋಡಿ. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲು. ಒಂದೊಂದೂ ದಿನಕ್ಕೆ 0.35 ಮಿಲಿಮೀಟರ್ ಬೆಳೆಯುತ್ತದೆ. ಎಲ್ಲವನ್ನೂ ಕೂಡಿಸಿದರೆ ದಿನಕ್ಕೆ 35 ಮೀಟರ್, ನಿಮಿಷಕ್ಕೆ 2.4 ಸೆಂಟಿಮೀಟರ್. ವರ್ಷಕ್ಕೆ ಹತ್ತಿರ ಹತ್ತಿರ 13 ಕಿಲೋಮೀಟರ್. ಹತ್ತರಲ್ಲಿ ಒಂದು ಪಾಲು ಕೂದಲು ಯಾವಾಗಲೂ ವಿಶ್ರಾಂತಿಯಲ್ಲಿರುತ್ತದೆ, ಅದನ್ನು ಕಳೆದಿಲ್ಲ. ತಲೆಯಿಂದ ತಲೆಗೆ ಇದಕ್ಕಿಂತ ದೊಡ್ಡ ವ್ಯತ್ಯಾಸಗಳೇ ಇರುವಾಗ ಅಷ್ಟು ಚೌಕಾಸಿ ಬೇಡ. ಬಾಬ್ ಕಟ್‌ನವರಿಗೂ ಇದೇ ವೇಗ, ಮಂಡಿ ಮುಟ್ಟುವ ಜಡೆಯವರಿಗೂ ಇದೇ ವೇಗ, ತಿರುಪತಿಯಲ್ಲಿ ಮುಡಿ ಕೊಟ್ಟು ಬೆಟ್ಟ ಇಳಿಯುತ್ತಿರುವವರಿಗೂ ಇದೇ.

ಎಲ್ಲರಿಗೂ ವೇಗ ಹೆಚ್ಚುಕಡಿಮೆ ಇಷ್ಟೇ ಆದರೆ, ಒಬ್ಬಳಿಗೆ ಬೆನ್ನಿನ ನಡುವೆ ನಿಂತುಹೋಗುವ ಕೂದಲು ಇನ್ನೊಬ್ಬಳಿಗೆ ಮೊಣಕಾಲಿಗೆ ಇಳಿಯುವುದು ಹೇಗೆ? ಎಣ್ಣೆಯ ಜಾಹೀರಾತುಗಳು ಇಲ್ಲಿಯೇ ದಾರಿ ತಪ್ಪಿಸುವುದು. ಅವೆಲ್ಲ ಬೇಗ ಬೆಳೆಸುವ ಮಾತನ್ನೇ ಆಡುತ್ತವೆ. ಅಸಲು ಸಂಗತಿ ಕೂದಲಿನ ಆಯಸ್ಸು. ಒಂದು ಕೂದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬುಡ ಕುಗ್ಗುತ್ತದೆ, ಸುಮಾರು ಮೂರು ತಿಂಗಳು ಸುಮ್ಮನೆ ಕೂತಿರುತ್ತದೆ, ಕೊನೆಗೆ ಬಾಚಣಿಗೆಗೆ ಬರುತ್ತದೆ. ಮೂರು ವರ್ಷ ಬೆಳೆಯುವ ಕೂದಲು 38 ಸೆಂಟಿಮೀಟರ್‌ಗೆ ಮುಗಿಯಿತು. ಆರು ವರ್ಷ ಬೆಳೆಯುವುದು 77ಕ್ಕೆ, ಅಂದರೆ ಸೊಂಟದ ಆಸುಪಾಸಿಗೆ. ಅದರಾಚೆ ಏನು ಹಚ್ಚಿದರೂ ಇಲ್ಲ.

ಉತ್ತರ ಪ್ರದೇಶದ ಸ್ಮಿತಾ ಶ್ರೀವಾಸ್ತವ 14ನೇ ವಯಸ್ಸಿನಿಂದ ಕೂದಲಿಗೆ ಕತ್ತರಿ ಹಾಕಿಸಿಲ್ಲ. 2023ರಲ್ಲಿ, ಅವರಿಗೆ 46 ಆಗಿದ್ದಾಗ, ಗಿನ್ನೆಸ್ ದಾಖಲೆಗೆ ಅಳೆದ ಉದ್ದ 236.22 ಸೆಂಟಿಮೀಟರ್. ಏಳು ಅಡಿ ಒಂಬತ್ತು ಇಂಚು. ಈಗ ಭಾಗಾಕಾರ ಮಾಡೋಣ. 32 ವರ್ಷದಲ್ಲಿ ನಾಲ್ಕು ಮೀಟರ್ ದಾಟಬೇಕಿತ್ತು; ದಾಟಿಲ್ಲ. ನಮ್ಮ ನಿಮ್ಮ ವೇಗದಲ್ಲೇ ಬೆಳೆದಿದೆ ಎಂದು ಹಿಡಿದರೆ 236 ಸೆಂಟಿಮೀಟರ್ ಎಂದರೆ ಹದಿನೆಂಟು ವರ್ಷ ಚಿಲ್ಲರೆ. ನಮ್ಮ ತಲೆಯ ಕೂದಲು ಆರು ವರ್ಷಕ್ಕೆ ಕೈಬಿಡುವಲ್ಲಿ ಅವರದು ಅದರ ಮೂರು ಪಟ್ಟು ಕಾಲ ಬುಡ ಹಿಡಿದು ನಿಂತಿದೆ. ಮರುವರ್ಷವೇ ಉಕ್ರೇನಿನ ಅಲಿಯಾ ನಸಿರೋವಾ 257.33 ಸೆಂಟಿಮೀಟರ್‌ಗೆ ಆ ದಾಖಲೆ ಮುರಿದರು. ಇಪ್ಪತ್ತು ವರ್ಷದ ಕೂದಲು. ಇವರೆಲ್ಲರನ್ನೂ ಮೀರಿಸಿದವರು ಚೀನಾದ ಶ್ಯೆ ಚ್ಯೂಪಿಂಗ್: 1973ರಲ್ಲಿ, 13ರ ಹರೆಯದಲ್ಲಿ ಬಿಡಲು ಶುರುಮಾಡಿ 2004ರ ಮೇ ತಿಂಗಳಲ್ಲಿ ಅಳೆಸಿದಾಗ 5.627 ಮೀಟರ್. ವರ್ಷಕ್ಕೆ 18 ಸೆಂಟಿಮೀಟರ್ ಬೀಳುತ್ತದೆ. ಮೊದಲೇ ತಲೆಯ ಮೇಲಿದ್ದುದನ್ನು ಒಂದಿಷ್ಟು ಕಳೆದರೂ ಈಕೆಯದು ಮಾತ್ರ ವೇಗವೂ ಜಾಸ್ತಿ, ಆಯಸ್ಸೂ ಜಾಸ್ತಿ.

ಉದುರುವ ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ ಎಂದು ಡಾಕ್ಟರುಗಳು ಹೇಳುತ್ತಾರೆ. ಒಂದು ಮೀಟರ್ ಉದ್ದದ ಜಡೆಯವಳಿಗೆ ಅಷ್ಟು ಹೋಗುವಂತಿಲ್ಲ. ಮೀಟರ್ ಬೆಳೆಯಲು ಎಂಟು ವರ್ಷ, ಅಂದರೆ ಸುಮಾರು 2,850 ದಿನ ಬೇಕು. 1 ಲಕ್ಷವನ್ನು ಅಷ್ಟು ದಿನಕ್ಕೆ ಹಂಚಿದರೆ ದಿನಕ್ಕೆ ಬರುವುದು 35 ಕೂದಲು. ಒಂದೊಂದೂ ಒಂದು ಮೀಟರ್, ಒಟ್ಟು 35 ಮೀಟರ್. ಅತ್ತ 35 ಸೆಂಟಿಮೀಟರ್‌ಗೆ ಬೆಳವಣಿಗೆ ಮುಗಿಯುವವಳಿಗೆ ದಿನಕ್ಕೆ 100 ಕೂದಲು ಹೋಗುತ್ತವೆ. ಅದೂ ಒಟ್ಟು 35 ಮೀಟರ್! ಜಮಾ 35, ಖರ್ಚು 35, ಯಾವ ತಲೆಯ ಖಾತೆ ತೆಗೆದರೂ ಅದೇ. ಹಾಗಾಗಿ ಉದ್ದ ಜಡೆಯವಳ ಬಾಚಣಿಗೆಯಿಂದ ಬೆರಳಿಗೆ ಸುತ್ತಿ ತೆಗೆದ ಉಂಡೆ ನೋಡಿ "ಅಯ್ಯೋ, ಎಷ್ಟು ಉದುರ್ತಿದೆಯೇ" ಎಂದು ಗಾಬರಿ ಬೀಳುವ ಅತ್ತೆಯಂದಿರು ಕೂದಲನ್ನು ಎಣಿಸಿ ನೋಡುವುದು ಒಳ್ಳೆಯದು.

ಈ ಲೆಕ್ಕ ಹಿಡಿದು ಕೂತಾಗ ದ್ರೌಪದಿ ನೆನಪಾಗದೆ ಇರುವುದಿಲ್ಲ. ಪಂಪ, ರನ್ನ ಇಬ್ಬರೂ ಆ ಮುಡಿಯ ಮೇಲೆ ಕಣ್ಣಿಟ್ಟವರು. ಜೂಜಿನ ಸಭೆಯಿಂದ ಯುದ್ಧಕ್ಕೆ ವನವಾಸದ 12 ಮತ್ತು ಅಜ್ಞಾತವಾಸದ 1, ಒಟ್ಟು 13 ವರ್ಷದ ಅಂತರ. ಸಾಮಾನ್ಯ ಆಯಸ್ಸಿನ ಕೂದಲಾದರೆ, ದುಶ್ಶಾಸನ ಹಿಡಿದೆಳೆದವುಗಳಲ್ಲಿ ಒಂದೆಳೆಯೂ ಕುರುಕ್ಷೇತ್ರದ ಹೊತ್ತಿಗೆ ಅವಳ ತಲೆಯಲ್ಲಿ ಉಳಿದಿರಲಾರದು. ಕೂದಲು ಎರಡೆರಡು ಸಲ ಬದಲಾದರೂ ಮರೆಯದವಳು ಅವಳು. ಅಷ್ಟಾಗಿ, ಅಜ್ಞಾತವಾಸದ ಆ ಒಂದು ವರ್ಷ ಸೈರಂಧ್ರಿಯಾಗಿ ವಿರಾಟನ ಅರಮನೆಯಲ್ಲಿ ಅವಳು ಮಾಡಿದ ಕೆಲಸ ರಾಣಿಗೆ ತಲೆ ಬಾಚಿ ಜಡೆ ಹಾಕುವುದು.

ಜಡೆ ಹಾಕುವವರಿಗೆ ಗೊತ್ತಿರುವ ಇನ್ನೊಂದು ಸಂಗತಿಯೂ ಇದೇ ಲೆಕ್ಕದಿಂದ ಹುಟ್ಟುತ್ತದೆ. ಕೂದಲೆಲ್ಲ ಒಂದೇ ದಿನ ಹುಟ್ಟಿದ್ದಲ್ಲ. ಕೆಲವು ಎಂಟು ವರ್ಷದವು, ಕೆಲವು ಮೊನ್ನೆ ಮೊಳೆತವು. ಬುಡದಲ್ಲಿ 1 ಲಕ್ಷ ಇದ್ದರೆ ಅರ್ಧ ಮೀಟರ್ ಕೆಳಗೆ ಸುಮಾರು 50 ಸಾವಿರ, 90 ಸೆಂಟಿಮೀಟರ್‌ನಲ್ಲಿ ಹತ್ತು ಸಾವಿರ ಮಾತ್ರ. ಮೇಲೆ ಮುಷ್ಟಿಗೆ ಸಿಗದ ಜಡೆ ಕೆಳಗೆ ಇಲಿಬಾಲವಾಗುವುದು ಇದಕ್ಕೆ, ಆರೈಕೆ ಸಾಲದೆ ಅಲ್ಲ. ಚೌರಿ, ಕುಚ್ಚು, ಜಡೆಬಂಗಾರ ಎಲ್ಲವೂ ಈ ಕಳೆದುಹೋದ 90 ಸಾವಿರವನ್ನು ತುಂಬಿಕೊಡಲು ಹುಟ್ಟಿಕೊಂಡವು ಎಂದೇ ನನ್ನ ಅನುಮಾನ. ಜುಟ್ಟು ಬುಡದಿಂದ ತುದಿಗೆ ಯಾವ ಆಕಾರ ತಾಳುತ್ತದೆ ಎಂಬುದಕ್ಕೆ ಕೇಂಬ್ರಿಜ್‌ನ ರೇಮಂಡ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು 2012ರಲ್ಲಿ ಸಮೀಕರಣವನ್ನೇ ಬರೆದರು. ಅದರಲ್ಲಿ ಗುರುತ್ವ ಎಷ್ಟು ಮೇಲುಗೈ ಪಡೆಯುತ್ತದೆ ಎಂಬುದನ್ನು ಹೇಳುವ ಅಂಕಿಗೆ ರಪುಂಜಲ್ ಸಂಖ್ಯೆ ಎಂದು ಹೆಸರಿಟ್ಟರು. ಅದೇ ವರ್ಷ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ.

ಮೀಟರ್ ಉದ್ದದ ದಟ್ಟ ಜಡೆಯ ಕೂದಲನ್ನೆಲ್ಲ ಬಿಡಿಸಿ ತುದಿಗೆ ತುದಿ ಕಟ್ಟಿದರೆ 50 ಕಿಲೋಮೀಟರ್; ಬೆಂಗಳೂರಲ್ಲಿ ಒಂದು ತುದಿ ಹಿಡಿದರೆ ಇನ್ನೊಂದು ರಾಮನಗರದಲ್ಲಿ. ತೂಕ ಮಾತ್ರ ಕಾಲು ಕಿಲೋ. ಒಂದು ಕೂದಲಿನ ದಪ್ಪ 0.07 ಮಿಲಿಮೀಟರ್ ಎಂದು ಹಿಡಿದು ಮೈಯ ವಿಸ್ತೀರ್ಣ ಲೆಕ್ಕ ಹಾಕಿದಾಗ ನಾನೇ ಎರಡು ಸಲ ಗುಣಿಸಿ ನೋಡಿದೆ: 11 ಚದರ ಮೀಟರ್. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯ ನೆಲ! ಶನಿವಾರ ರಾತ್ರಿ ನಾಲ್ಕು ಚಮಚ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುವವರು ಆ ಇಡೀ ನೆಲಕ್ಕೆ ಎಣ್ಣೆ ಬಳಿಯುತ್ತಿದ್ದಾರೆ. ಪದರದ ದಪ್ಪ ಮಿಲಿಮೀಟರ್‌ನ ಐನೂರನೇ ಒಂದು ಪಾಲಿಗೂ ಕಡಿಮೆ. ಅಷ್ಟೇ ಸಾಕು. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ತಗ್ಗಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣ ಕಾಣಲಿಲ್ಲ.

ತೊಳೆಯುವುದು ಎಂದೆನಲ್ಲ, ಉದ್ದ ಕೂದಲಿನವರ ನಿಜವಾದ ಪಾಡು ಅದು. ಕೂದಲು ತನ್ನ ತೂಕದ ಶೇ 30ರಷ್ಟು ನೀರನ್ನು ಒಳಗೇ ಕುಡಿಯುತ್ತದೆ. ಎಳೆಗಳ ನಡುವೆ ನಿಲ್ಲುವ ನೀರು ಬೇರೆ. ಸ್ಮಿತಾ ವಾರಕ್ಕೆ ಎರಡು ಸಲ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ತೊಳೆದು, ಒರೆಸಿ, ಬೆರಳಲ್ಲೇ ಸಿಕ್ಕು ಬಿಡಿಸಿ ಕಟ್ಟುವಷ್ಟರಲ್ಲಿ ಮೂರು ಗಂಟೆಯಾಗುತ್ತದೆ. ವರ್ಷಕ್ಕೆ 312 ಗಂಟೆ, ಹಗಲು ರಾತ್ರಿ ಸೇರಿ 13 ದಿನ. ಅವರ ಕೂದಲಿನ ತುದಿ ಇಷ್ಟರಲ್ಲಿ 1,900 ಅಭ್ಯಂಜನ ಕಂಡಿರಬೇಕು. ಕೂದಲಿನ ಮೇಲೆ ಹುರುಪೆಯಂಥ ಪದರಗಳು ಬುಡದಿಂದ ತುದಿಯತ್ತ ಮುಖ ಮಾಡಿ ಕೂತಿರುತ್ತವೆ, ಒಂದೊಂದೂ ಅರ್ಧ ಮೈಕ್ರಾನ್ ದಪ್ಪ. ಒಂದೆಳೆಯನ್ನು ಬೆರಳ ನಡುವೆ ಹಿಡಿದು ತುದಿಯಿಂದ ಬುಡಕ್ಕೆ ಎಳೆದು ನೋಡಿ, ತರಿತರಿ ಎನ್ನುತ್ತದೆ. ಪ್ರತಿ ಸಲ ತೊಳೆದಾಗಲೂ ಬಾಚಿದಾಗಲೂ ಸವೆಯುವುದು ಈ ಪದರಗಳೇ.

ಇಷ್ಟು ತೆಳುವಾದದ್ದು ಎಷ್ಟು ಗಟ್ಟಿ? ಒಂದೆಳೆ ಸುಮಾರು 80 ಗ್ರಾಂ ಹೊರುತ್ತದೆ. 1 ಲಕ್ಷ ಎಳೆ ಸಮನಾಗಿ ಹೊತ್ತರೆ 8 ಟನ್, ಎರಡು ದೊಡ್ಡ ಆನೆ. ಕಾಗದದ ಲೆಕ್ಕ ಎನ್ನುವವರು ಜಪಾನಿನ ಕ್ಯೋಟೋಗೆ ಹೋಗಿ ನೋಡಬಹುದು. ಬೆಂಕಿಗೆ ಆಹುತಿಯಾಗಿದ್ದ ಹಿಗಾಷಿ ಹೊಂಗಾನ್‌ಜಿ ಮಂದಿರವನ್ನು 1880ರಿಂದ 1895ರವರೆಗೆ ಮತ್ತೆ ಕಟ್ಟುವಾಗ ದೊಡ್ಡ ದೊಡ್ಡ ತೊಲೆಗಳನ್ನು ಎಳೆಯಬಲ್ಲ ಹಗ್ಗ ಸಿಗದೆ, ಭಕ್ತೆಯರು ಕೊಟ್ಟ ಕೂದಲಿಗೆ ಸೆಣಬು ಬೆರೆಸಿ ಹಗ್ಗ ಹೊಸೆದರು. ಒಂದಲ್ಲ, 53. ಈಗ ಅಲ್ಲಿ ಪ್ರದರ್ಶನಕ್ಕಿಟ್ಟಿರುವುದು 69 ಮೀಟರ್ ಉದ್ದ, 375 ಕಿಲೋ ತೂಕದ್ದು. ಅದರಲ್ಲಿ ಅರ್ಧ ಸೆಣಬೇ ಎಂದು ಕಳೆದರೂ, ಕಾಲು ಕಿಲೋದ ಏಳುನೂರು ಜಡೆಗೂ ಮಿಕ್ಕಿ ಒಂದೇ ಹಗ್ಗದಲ್ಲಿವೆ.

ಹೀಗೆ ಕೂದಲೇನೋ ಸುಲಭಕ್ಕೆ ತುಂಡಾಗುವುದಿಲ್ಲ, ತೊಂದರೆ ಬುಡದ್ದು. ಬಿಗಿದು ಕಟ್ಟಿದರೆ ಹಣೆಯಂಚು ಹಿಂದೆ ಸರಿಯುತ್ತದೆ ಎಂಬುದನ್ನು ವೈದ್ಯರು ಮೊದಲು ದಾಖಲಿಸಿದ್ದು 1907ರಲ್ಲಿ, ಗ್ರೀನ್‌ಲ್ಯಾಂಡಿನಲ್ಲಿ. ಅಲ್ಲಿಯವರದು ಎಳೆದು ಕಟ್ಟಿದ ಜುಟ್ಟು. ನಮ್ಮ ಕಡೆ ಇದರ ಕಡುಪರೀಕ್ಷೆ ಎಂದರೆ ಮೊಗ್ಗಿನ ಜಡೆ. ಮದುವೆ, ಸೀಮಂತ, ರಂಗಪ್ರವೇಶ ಯಾವುದಕ್ಕಾದರೂ ಸರಿ. ಮಲ್ಲಿಗೆ ಕಾಲದಲ್ಲಿ ಹುಡುಗಿಗೆ ಮೊಗ್ಗು ಹೆಣೆಸಿ, ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಟ್ಟಿಗೆ ಬೀಳುವಂತೆ ತೆಗೆಸಿದ ಸ್ಟುಡಿಯೋ ಫೋಟೋ ಇಲ್ಲದ ಮನೆ ಹಳೇ ಮೈಸೂರು ಸೀಮೆಯಲ್ಲಿ ಅಪರೂಪ. ಹೂವು, ಚೌರಿ, ಕುಚ್ಚು, ಬಿಲ್ಲೆ ಸೇರಿ ಒಂದು ಕಿಲೋ ಎಂದಿಟ್ಟುಕೊಳ್ಳಿ. 1 ಲಕ್ಷ ಬುಡಕ್ಕೆ ಹಂಚಿದರೆ ತಲಾ 10 ಮಿಲಿಗ್ರಾಂ, ಏನೇನೂ ಅಲ್ಲ. ಹಂಚದೆ ಹಣೆಯಂಚಿನ ಐನೂರು ಕೂದಲಿಗೆ ನೇತುಬಿಟ್ಟರೆ ತಲಾ 2 ಗ್ರಾಂ, ಇನ್ನೂರು ಪಟ್ಟು. ಜಡೆ ಕಟ್ಟುವ ವಿದ್ಯೆಯೆಲ್ಲ ಈ ಹಂಚಿಕೆಯಲ್ಲಿದೆ.

ನಮ್ಮ ದೊಡ್ಡಮ್ಮ ಆ ವಿದ್ಯೆಯಲ್ಲಿ ಪಳಗಿದವಳು. ಕೂದಲು ತೊಳೆದ ದಿನ ಜಡೆ ಹಾಕಲು ಒಪ್ಪುತ್ತಿರಲಿಲ್ಲ, ಜಾರುತ್ತದೆ ಎಂದು. ಹಿಂದಿನ ದಿನವೇ ತಲೆಸ್ನಾನ ಆಗಿರಬೇಕು. ಮೊದಲು ನೆತ್ತಿಯ ಹಿಂದೆ ಕಪ್ಪು ದಾರದಿಂದ ಬುಡ ಕಟ್ಟುವಳು. ದಾರದ ಒಂದು ತುದಿಯನ್ನು ಹೆಬ್ಬೆರಳಲ್ಲಿ ಸುಮ್ಮನೆ ಒತ್ತಿಕೊಂಡು ಮೂರು ಸುತ್ತು ಸುತ್ತಿದರೆ, ಇನ್ನೊಂದು ತುದಿಯನ್ನು ಎಷ್ಟು ಜಗ್ಗಿದರೂ ಸಡಿಲುತ್ತಿರಲಿಲ್ಲ. ಆಯ್ಲರ್ ಹೆಸರಿನ ಸೂತ್ರವೊಂದು ಇದಕ್ಕೆ ಲೆಕ್ಕ ಕೊಡುತ್ತದೆ: ಘರ್ಷಣೆಯ ಗುಣಾಂಕ 0.3 ಎಂದರೆ ಒಂದು ಸುತ್ತಿಗೆ ಹಿಡಿತ ಆರೂವರೆ ಪಟ್ಟು, ಎರಡಕ್ಕೆ ನಲವತ್ತಕ್ಕೂ ಹೆಚ್ಚು, ಮೂರಕ್ಕೆ ಇನ್ನೂರ ಎಂಬತ್ತರ ಮೇಲೆ. ನಾಲ್ಕನೇ ಸುತ್ತು ಕೇಳಿದರೆ "ತಲೆನೋವು ಬರತ್ತೆ ಕಣೇ" ಎಂದು ಬೈಯುತ್ತಿದ್ದಳು. ಜಡೆಗೆ ಮೂರು ಕಾಲು ತೆಗೆದು, ಮೂರನೇ ಹೆಣಿಗೆಯಲ್ಲಿ ಚೌರಿ ಸೇರಿಸಿ, ಹೊಲಿದಿಟ್ಟ ಮೊಗ್ಗಿನ ಪಟ್ಟಿಯನ್ನು ಅದರ ಮೇಲೆ ಕಟ್ಟುವಳು. ಪಿನ್ನು ಚುಚ್ಚುವಾಗ ಅಂಕುಡೊಂಕಿನ ಕಾಲು ಬುರುಡೆಯ ಕಡೆಗೇ ಇರಬೇಕು, ಎರಡೆರಡು ಪಿನ್ನು ಕತ್ತರಿ ಹಾಕಿದಂತೆ ಒಂದರ ಮೇಲೊಂದು ಬರಬೇಕು. ಹುಡುಗಿಯನ್ನು ಎದ್ದು ನಿಲ್ಲಿಸಿ, ತಲೆ ಕೊಡವಿಸಿ, ಕಿವಿಯ ಮೇಲಿನ ಕೂದಲನ್ನು ಹೆರಳು ಬಾಚಣಿಗೆಯ ಹಿಡಿಯಿಂದ ಒಂದಿಷ್ಟು ಸಡಿಲಿಸಿದ ಮೇಲೆಯೇ ಕಳಿಸುತ್ತಿದ್ದುದು. ಕಾರ್ಯಕ್ರಮ ಮುಗಿದು ಬಿಚ್ಚುವಾಗ ಅವಳದು ಇನ್ನೊಂದು ಲೆಕ್ಕ. "ಹಾಕಿದ್ದು 42, ಬಂದದ್ದು 41. ಇನ್ನೊಂದು ತೆಗಿ, ಆಮೇಲೆ ಊಟಕ್ಕೆ ಏಳು."