ಕೀ ಕೊಟ್ಟರೆ ಓಡುವ ‘ಜನತಾ’

ಅಳಿಯನ ಕೈಗೆ ಎಚ್‌ಎಂಟಿ ವಾಚು ಕಟ್ಟುವುದು ಒಂದು ಕಾಲದಲ್ಲಿ ಮಾವನ ಮರ್ಯಾದೆಯ ಪ್ರಶ್ನೆಯಾಗಿತ್ತು. ಅವುಗಳಲ್ಲಿ ಎಷ್ಟೋ ಈಗ ಬೆಲ್ಟು ಹರಿದು, ಮುಳ್ಳು ನಿಂತು, ಬೀರುವಿನ ಮೂಲೆ ಸೇರಿವೆ. ಅಂಥ ವಾಚುಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು ಮತ್ತೆ ಓಡಿಸುವ ಹವ್ಯಾಸಿಗಳು ನಮ್ಮಲ್ಲೂ ಇದ್ದಾರೆ. ಹಳೆಯ ಸ್ವಿಸ್ ವಾಚಿನ ಗೀಳು ಜೇಬು ಸುಡುತ್ತದೆ. ಕೈ ಪಳಗಿಸಿಕೊಳ್ಳಲು ಎಚ್‌ಎಂಟಿಯೇ ವಾಸಿ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ಶುರುವಾಯಿತು. ಆಮೇಲೆ ತುಮಕೂರಿಗೂ ಬಂತು. ಜನತಾ, ಪೈಲಟ್, ಜವಾನ್, ಸೋನಾ, ಕಾಂಚನ್ ಮನೆಮಾತಾದವು. ಗಾಜಿನ ಮುಚ್ಚಳ ತೆರೆದು, ಮುಳ್ಳು ಮುಟ್ಟಿ ವೇಳೆ ತಿಳಿಯುವ ಬ್ರೈಲ್ ವಾಚೂ ಇತ್ತು. ಕ್ವಾರ್ಟ್ಜ್ ವಾಚುಗಳ ಎದುರು ಸೊರಗಿದ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಬಾಗಿಲು ಹಾಕುತ್ತಾರೆಂಬ ಸುದ್ದಿ ಬಂದಮೇಲೆ ಕೊಳ್ಳುವವರು ಮುಗಿಬಿದ್ದರು, ನಮ್ಮ ಜನರ ಅಭ್ಯಾಸ!

ನಿಂತ ವಾಚು ತಂದವರೆಲ್ಲ ಹೇಳುವ ಮಾತೊಂದಿದೆ: ‘ಜಾಸ್ತಿ ಕೀ ಕೊಟ್ಟು ಕೆಟ್ಟುಹೋಯಿತು.’ ಹಾಗಾಗುವುದು ಅಪರೂಪ. ವರ್ಷಗಟ್ಟಲೆ ಸರ್ವಿಸ್ ಕಾಣದೆ ಒಳಗಿನ ಎಣ್ಣೆ ಅಂಟಾಗಿರುತ್ತದೆ, ಸ್ಪ್ರಿಂಗಿನಲ್ಲಿ ಪೂರ್ತಿ ಬಿಗಿ ಇದ್ದರೂ ಗಾಲಿ ತಿರುಗುವುದಿಲ್ಲ. ಹಿಂಬದಿ ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಈ ಬಿಗಿ ಇಳಿಸುವುದು. ಸ್ಪ್ರಿಂಗು ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಹಿಡಿದಿರುವ ಕೊಕ್ಕೆಯನ್ನು ಚಿಮಟದಿಂದ ಸರಿಸಿ, ಕೀಯನ್ನು ಬೆರಳ ಹಿಡಿತದಲ್ಲೇ ನಿಧಾನಕ್ಕೆ ಬಿಡಬೇಕು. ಅವಸರ ಮಾಡಿದರೆ ಗಾಲಿಯ ಹಲ್ಲು ಮುರಿಯಬಹುದು.

ಆಮೇಲೆ ಅತ್ತಿತ್ತ ತೂಗಿ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ವೀಲ್. ಜನತಾದಲ್ಲಿ ಇದರ ಬಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5. ಸೆಕೆಂಡಿನ ಮುಳ್ಳು ಕ್ವಾರ್ಟ್ಜಿನಂತೆ ಕುಪ್ಪಳಿಸದೆ ಹರಿದಂತೆ ಕಾಣುವುದು ಅದಕ್ಕೇ. ಬ್ಯಾಲೆನ್ಸ್ ವೀಲಿಗಂಟಿದ ಹೇರ್ ಸ್ಪ್ರಿಂಗ್ ಕೂದಲಷ್ಟು ಸಪೂರ. ಅಯಸ್ಕಾಂತ ತಾಗಿ ಅದರ ಸುರುಳಿಗಳು ಒಂದಕ್ಕೊಂದು ಅಂಟಿದರೆ ವಾಚು ಎದ್ದುಬಿದ್ದು ಮುಂದೆ ಓಡುತ್ತದೆ. ಡಯಲ್ ಮೇಲೆ ಹೆಮ್ಮೆಯಿಂದ ಬರೆದ ‘17 ಜ್ಯುವೆಲ್ಸ್’ ಅಂದರೆ ಸವೆತ ತಡೆಯಲು ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳು. ಮಾರಲು ಹೋದರೆ ಕಾಸೂ ಹುಟ್ಟದು. ಆ ಹರಳುಗಳ ತೂತಿನಿಂದ ಹಳೆ ಜಿಡ್ಡು ತೆಗೆದು, ಸೂಜಿಮೊನೆಯಲ್ಲಿ ನಿಲ್ಲುವಷ್ಟು ಹೊಸ ಎಣ್ಣೆ ಇಟ್ಟರೆ ಸಾಕು. ಹೆಚ್ಚಾದ ಎಣ್ಣೆ ಹರಡಿ ಮತ್ತೆ ಅಂಟಾಗುತ್ತದೆ.

ಯಂತ್ರವನ್ನು ಎಷ್ಟು ಬೇಕಾದರೂ ತೊಳೆಯಿರಿ, ಗೀರುಬಿದ್ದ ಅಕ್ರಿಲಿಕ್ ಗಾಜನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿರಿ, ಡಯಲ್‌ ತಂಟೆಗೆ ಮಾತ್ರ ಹೋಗಬೇಡಿ. ಹಳದಿಗಟ್ಟಿದ ಡಯಲ್ಲೇ ಆ ವಾಚಿನ ಜಾತಕ. ಮಾರುಕಟ್ಟೆ ತುಂಬ ಕಡುಗೆಂಪು, ಗಿಳಿಹಸಿರು ಬಣ್ಣ ಬಳಿದ ಡಯಲ್‌ಗಳು. ಬಲ್ಲವರು ‘ಮುಂಬೈ ಸ್ಪೆಷಲ್’ ಎಂದು ನಗುತ್ತಾರೆ. ಭೂತಗನ್ನಡಿ ಹಿಡಿದರೆ ಸಾಕು, ಅಕ್ಷರದ ಅಂಚು ಕದಡಿರುತ್ತದೆ, ನಿಮಿಷದ ಗೆರೆಗಳು ಅಂಕಿಗಳಿಗೆ ಹೊಂದುವುದಿಲ್ಲ. ಹೊಳಪಿಗೆ ಮರುಳಾಗಿ ಹೆಚ್ಚು ದುಡ್ಡು ಕೊಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕಾರ್ಖಾನೆ ನಿಂತಮೇಲೆ ಹೊಸ ಬಿಡಿಭಾಗ ಬರುವಂತಿಲ್ಲ. ಉಳಿದ ಹಳೆ ದಾಸ್ತಾನು ಬಿಟ್ಟರೆ ಕೆಟ್ಟ ವಾಚುಗಳೇ ಗತಿ, ಎರಡನ್ನು ಕೊಂಡು ಒಂದನ್ನು ಓಡಿಸುವುದು ಮಾಮೂಲು. ಹೊಸಬರು ಅಜ್ಜನ ವಾಚಿಗೆ ಕೈಹಾಕದೆ ಗುಜರಿ ವಾಚಿನಿಂದ ಶುರುಮಾಡುವುದು ಕ್ಷೇಮ. ಒಂದೊಂದು ಸ್ಕ್ರೂ ಬಿಚ್ಚುವಾಗಲೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಫ್ಯಾನ್ ಆರಿಸಿ.