ದಾರಿ ತೋರುವ ನಾಯಿ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲು ದೊರೆತಿದೆ. ತಕ್ಕೋಲದ ಕಾಳಗದಲ್ಲಿ ತನ್ನ ಪರವಾಗಿ ಕಾದಿದ ಮಣಲೇರನನ್ನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದು ಗಂಗರ ಬೂತುಗನು ಹೇಳಿದಾಗ, ಆ ವೀರನು ಬೇಡಿದ್ದು ಕಾಳಿ ಎಂಬ ಒಂದು ನಾಯಿಯನ್ನು. ಆ ಕಾಳಿ ಮುಂದೆ ಒಂದು ಹೆಬ್ಬಂದಿಯೊಡನೆ ಸೆಣಸಿತು; ಎರಡೂ ಮಡಿದವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕನ್ನಡಿಗರು ನಾಯಿಯ ಶೌರ್ಯವನ್ನು ಗೌರವಿಸಿದ ಬಗೆ ಇದು.

ಕಾಳಿಯದು ಮುನ್ನುಗ್ಗುವ ಶೌರ್ಯ. ಕಣ್ಣಿಲ್ಲದವರಿಗೆ ದಾರಿ ತೋರುವ ನಾಯಿಯ ಶೌರ್ಯ ಬೇರೆ ತೆರನಾದದ್ದು. ಅದು ಬೊಗಳುವುದಿಲ್ಲ, ಎರಗುವುದಿಲ್ಲ, ನಿಲ್ಲಬೇಕಾದಲ್ಲಿ ನಿಲ್ಲುತ್ತದೆ. ಆ ನಿಲುಗಡೆಯ ಮೇಲೆ ಒಬ್ಬ ಮನುಷ್ಯನ ಪ್ರಾಣ ನಿಂತಿರುತ್ತದೆ. ಈ ನಾಯಿಯ ಕಲಿಕೆ, ದಿನಚರಿ, ಮತ್ತು ಅದರ ಮುಂದೆ ನಾವು ನಡೆದುಕೊಳ್ಳಬೇಕಾದ ರೀತಿ, ಇವಿಷ್ಟನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ.

ಮೊದಲನೆಯ ಮಹಾಯುದ್ಧದಲ್ಲಿ ಅನೇಕ ಸೈನಿಕರು ದೃಷ್ಟಿ ಕಳೆದುಕೊಂಡರು. ಅವರಿಗಾಗಿ ಜರ್ಮನಿಯ ಓಲ್ಡೆನ್‌ಬರ್ಗ್ ಎಂಬಲ್ಲಿ 1916ರಲ್ಲಿ ನಾಯಿಗಳನ್ನು ಪಳಗಿಸುವ ಶಾಲೆ ಆರಂಭವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ ಜರ್ಮನಿಯ ಇಂಥದೇ ಇನ್ನೊಂದು ಶಾಲೆಯನ್ನು ಕಂಡು ಬೆರಗಾಗಿ, 1927ರ ನವೆಂಬರಿನಲ್ಲಿ ಅಮೆರಿಕದ ಒಂದು ವಾರಪತ್ರಿಕೆಗೆ ಲೇಖನ ಬರೆದರು. ನ್ಯಾಶ್‌ವಿಲ್ ನಗರದಲ್ಲಿ ಒಬ್ಬ ತಂದೆ ಅದನ್ನು ಅಂಧನಾದ ತನ್ನ ಮಗನಿಗೆ ಓದಿ ಹೇಳಿದ. ಮಗನ ಹೆಸರು ಮಾರಿಸ್ ಫ್ರಾಂಕ್. ವಯಸ್ಸು ಹತ್ತೊಂಬತ್ತು. ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಕೈ ಹಿಡಿಯಬೇಕಾದ ಬಾಳಿನಿಂದ ಬೇಸತ್ತಿದ್ದ ಆತ ಕೂಡಲೇ ಯೂಸ್ಟಿಸರಿಗೆ ಕಾಗದ ಬರೆಸಿದ. ತನಗೊಂದು ನಾಯಿಯನ್ನು ಒದಗಿಸಿದರೆ, ತನ್ನಂಥ ಇತರರಿಗೂ ಆ ವಿದ್ಯೆ ದೊರೆಯುವಂತೆ ದುಡಿಯುವೆನೆಂದು ಮಾತು ಕೊಟ್ಟ.

1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಬಡ್ಡಿ ಎಂದು ತಾನೇ ಹೆಸರಿಟ್ಟ ಜರ್ಮನ್ ಶೆಫರ್ಡ್ ಜಾತಿಯ ಹೆಣ್ಣುನಾಯಿಯೊಡನೆ ಆತ ನ್ಯೂಯಾರ್ಕಿಗೆ ಬಂದಿಳಿದ. ಪತ್ರಿಕಾ ವರದಿಗಾರರು ನೋಡುತ್ತಿದ್ದಂತೆ, ವಾಹನಗಳು ಭೋರಿಡುತ್ತಿದ್ದ ವೆಸ್ಟ್ ಸ್ಟ್ರೀಟನ್ನು ಬಡ್ಡಿ ಅವನಿಗೆ ದಾಟಿಸಿತು. ಯೂಸ್ಟಿಸರಿಗೆ ಆತ ಕಳಿಸಿದ ತಂತಿಯಲ್ಲಿ ಇದ್ದುದು ಒಂದೇ ಪದ: ‘ಜಯ’. 1929ರ ಜನವರಿಯಲ್ಲಿ ಅಮೆರಿಕದ ಮೊದಲ ಶಾಲೆ ‘ಸೀಯಿಂಗ್ ಐ’ ನ್ಯಾಶ್‌ವಿಲ್ಲಿನಲ್ಲಿ ಹುಟ್ಟಿತು; ಮುಂದೆ ನ್ಯೂಜರ್ಸಿಗೆ ಹೋಯಿತು. ಇಂಗ್ಲೆಂಡಿನಲ್ಲಿ 1931ರಲ್ಲಿ ನಾಲ್ಕು ನಾಯಿಗಳೊಡನೆ ಇದೇ ಕೆಲಸ ಮೊದಲಾಯಿತು.

ಇನ್ನು ಕಲಿಕೆಯ ಮಾತು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ಜಾತಿಗಳೇ ಇದಕ್ಕೆ ಹೆಚ್ಚಾಗಿ ಆಯ್ಕೆಯಾಗುತ್ತವೆ. ಮರಿಯನ್ನು ಎರಡು ತಿಂಗಳ ಸುಮಾರಿಗೆ ಯಾರಾದರೂ ಸ್ವಯಂಸೇವಕರ ಮನೆಗೆ ಕೊಡುತ್ತಾರೆ. ಅಲ್ಲಿ ಅದು ಒಂದು ವರ್ಷಕ್ಕೂ ಮಿಕ್ಕಿ ಬೆಳೆಯುತ್ತದೆ. ಸಂತೆ, ರೈಲು, ಮಕ್ಕಳ ಗದ್ದಲ, ಮೆಟ್ಟಿಲು, ಮಳೆ ಎಲ್ಲವನ್ನೂ ಕಂಡು ಹೆದರದಿರಲು ಕಲಿಯುತ್ತದೆ. ಅನಂತರ ಸಾಕಿದವರು ಅದನ್ನು ಶಾಲೆಗೆ ಒಪ್ಪಿಸಬೇಕು. ಸಾಕಿ ಸಲಹಿದ ಮಗಳನ್ನು ಗಂಡನ ಮನೆಗೆ ಕಳಿಸಿದ ತಾಯಿತಂದೆಯರಿಗೆ ಆ ಗಳಿಗೆ ಎಂಥದೆಂದು ಹೇಳಬೇಕಾಗಿಲ್ಲ.

ಶಾಲೆಯಲ್ಲಿ ಕೆಲವು ತಿಂಗಳ ಪಾಠ. ನಾಯಿಯ ಎದೆಗೂ ಬೆನ್ನಿಗೂ ಪಟ್ಟಿ ಕಟ್ಟಿ, ಮೇಲೆ ಬಾಗದ ಒಂದು ಹಿಡಿಯನ್ನು ಕೂಡಿಸುತ್ತಾರೆ. ನಾಯಿ ಯಜಮಾನನ ಎಡಮಗ್ಗುಲಿಗೆ ನಡೆಯುತ್ತದೆ. ಅದರ ಮೈಯ ಒಂದೊಂದು ಚಲನೆಯೂ ಆ ಹಿಡಿಯ ಮೂಲಕ ಅವನ ಕೈಗೆ ತಿಳಿಯುತ್ತದೆ. ಫುಟ್‌ಪಾತಿನ ಅಂಚು ಬಂದರೆ ನಿಲ್ಲುವುದು, ಮೆಟ್ಟಿಲು ಬಂದರೆ ನಿಲ್ಲುವುದು, ಗುಂಡಿಯನ್ನು ಬಳಸಿ ಹೋಗುವುದು, ಇವು ಮೊದಲ ಪಾಠಗಳು. ಇವುಗಳಿಗಿಂತ ಕಷ್ಟವಾದದ್ದು ಇನ್ನೊಂದುಂಟು. ಬಾಗಿದ ಕೊಂಬೆಯ ಕೆಳಗೆ ನಾಯಿ ಸುಲಭವಾಗಿ ನುಸುಳೀತು. ಆದರೆ ಜೊತೆಯಲ್ಲಿರುವವನ ಹಣೆಗೆ ಅದು ಬಡಿಯುತ್ತದೆ. ತನಗೆ ಅಡ್ಡಿಯಲ್ಲದ್ದು ಇನ್ನೊಬ್ಬನಿಗೆ ಅಡ್ಡಿಯೆಂದು ಅರಿತು ನಡೆಯುವುದನ್ನು ನಾಯಿ ಕಲಿಯಬೇಕು. ಮನುಷ್ಯರಾದ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಕಲಿತಿದ್ದೇವೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ನಾಯಿಯೇ ಎಲ್ಲವನ್ನೂ ತಿಳಿದು ಯಜಮಾನನನ್ನು ಕರೆದೊಯ್ಯುತ್ತದೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಎಲ್ಲಿಗೆ ಹೋಗಬೇಕು, ಎಷ್ಟು ಬೀದಿ ದಾಟಬೇಕು, ಎಲ್ಲಿ ತಿರುಗಬೇಕು ಎಂಬ ನಕ್ಷೆ ಇರುವುದು ಮನುಷ್ಯನ ತಲೆಯಲ್ಲಿ. ಸಿಗ್ನಲ್ ದೀಪವನ್ನು ನಾಯಿ ಓದುವುದಿಲ್ಲ. ವಾಹನಗಳ ಸದ್ದನ್ನು ಕಿವಿಗೊಟ್ಟು ಕೇಳಿ ‘ಮುಂದೆ’ ಎನ್ನುವವನು ಯಜಮಾನನೇ. ಆದರೆ ಅವನು ಹಾಗೆಂದಾಗ ಸದ್ದಿಲ್ಲದೆ ಒಂದು ಕಾರು ಬಂದುಬಿಟ್ಟರೆ, ನಾಯಿ ಕದಲುವುದಿಲ್ಲ. ಆಜ್ಞೆಯನ್ನು ಮೀರಿ ನಿಲ್ಲುತ್ತದೆ. ಇದನ್ನು ‘ವಿವೇಕದ ಅವಿಧೇಯತೆ’ ಎನ್ನಬಹುದು. ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ವಿಧೇಯತೆಯನ್ನೇ ಬೋಧಿಸಿದ ಮೇಷ್ಟರಾದ ನನಗೆ ಈ ಪಾಠ ಹೊಸದು: ಯಾವಾಗ ಮಾತು ಕೇಳಬಾರದು ಎಂಬುದನ್ನೂ ಕಲಿಸಿದ ಮೇಲೆಯೇ ಆ ವಿದ್ಯೆ ಪೂರ್ಣವಾಗುತ್ತದೆ.

ಕಲಿತ ನಾಯಿಯನ್ನು ಯಾರಿಗೋ ಒಬ್ಬರಿಗೆ ಕೊಡುವಂತಿಲ್ಲ. ನಡಿಗೆಯ ವೇಗ, ಮೈಕಟ್ಟು, ಸ್ವಭಾವ, ಊರಿನ ಬಗೆ ಎಲ್ಲವನ್ನೂ ನೋಡಿ ಜೋಡಿ ಕೂಡಿಸುತ್ತಾರೆ. ಕೆಲವು ವಾರ ಇಬ್ಬರಿಗೂ ಒಟ್ಟಿಗೆ ಪಾಠ. ಅಲ್ಲಿಂದ ಮುಂದೆ ದಿನಚರಿ ಗಡಿಯಾರದಂತೆ. ಊಟ ನಿಯತ ಹೊತ್ತಿಗೆ. ಮಲಮೂತ್ರಕ್ಕೂ ಹೇಳಿದ ಹೊತ್ತು, ಹೇಳಿದ ಜಾಗ. ಯಜಮಾನ ಕಚೇರಿಯಲ್ಲಿ ಕೆಲಸ ಮಾಡುವಾಗ ಮೇಜಿನ ಕೆಳಗೆ ಮುದುಡಿ ಮಲಗುತ್ತದೆ. ಹೋಟೆಲಿನಲ್ಲಿ ಪಕ್ಕದವನ ತಟ್ಟೆಯತ್ತ ಕಣ್ಣೆತ್ತದು. ಸಂಜೆ ಮನೆಗೆ ಬಂದು ಪಟ್ಟಿ ಬಿಚ್ಚಿದರೆ ಎಲ್ಲ ನಾಯಿಗಳಂತೆ ಅದೂ ಬಾಲ ಅಲ್ಲಾಡಿಸಿ ಕುಣಿಯುತ್ತದೆ, ಚೆಂಡಿನ ಹಿಂದೆ ಓಡುತ್ತದೆ. ಪಟ್ಟಿ ಕಟ್ಟಿದರೆ ಕೆಲಸ, ಬಿಚ್ಚಿದರೆ ಬಿಡುವು. ಈ ಭೇದ ಅದಕ್ಕೆ ಚೆನ್ನಾಗಿ ಗೊತ್ತು. ಎಂಟು ಹತ್ತು ವರ್ಷ ವಯಸ್ಸಾದಾಗ ನಿವೃತ್ತಿ.

ಪಟ್ಟಿ ಕಟ್ಟಿದ ನಾಯಿ ಎದುರಾದರೆ ನಾವು ಮಾಡಬೇಕಾದುದೇನು? ಮುಖ್ಯವಾಗಿ, ಏನೂ ಮಾಡದಿರುವುದು. ಮುಟ್ಟಬಾರದು, ಸಿಳ್ಳೆ ಹಾಕಿ ಕರೆಯಬಾರದು, ಬಿಸ್ಕತ್ತು ಎಸೆಯಬಾರದು. ಅದರ ಗಮನ ಒಂದು ಕ್ಷಣ ತಪ್ಪಿದರೆ ಬೀಳುವವನು ಬೇರೆಯವನು. ನಾಯಿಯ ಹಿಡಿಯನ್ನಾಗಲಿ ಅವರ ತೋಳನ್ನಾಗಲಿ ಹಿಡಿದೆಳೆಯಬಾರದು. ಮಾತನಾಡುವುದಿದ್ದರೆ ನಾಯಿಯೊಡನೆ ಬೇಡ, ಮನುಷ್ಯನೊಡನೆ ಆಡಿರಿ. ಅಂಗಡಿಯವರೂ ಹೋಟೆಲಿನವರೂ ಬಾಗಿಲಲ್ಲಿ ತಡೆಯಬಾರದು. ಮಾರಿಸ್ ಫ್ರಾಂಕ್ ರೈಲು ಹೋಟೆಲುಗಳಲ್ಲಿ ಬಡ್ಡಿಗೆ ಪ್ರವೇಶ ದೊರಕಿಸಲು ವರ್ಷಗಟ್ಟಲೆ ಹೆಣಗಿದ. ಅಮೆರಿಕದ 1990ರ ಕಾನೂನಿನ ನಿಯಮಗಳಂತೆ ಈಗ ಅಲ್ಲಿ ಅಂಗಡಿಯವನು ಕೇಳಬಹುದಾದ ಪ್ರಶ್ನೆ ಎರಡೇ: ಅಂಗವೈಕಲ್ಯದ ಕಾರಣ ಈ ನಾಯಿ ಬೇಕಾಗಿದೆಯೆ? ಯಾವ ಕೆಲಸಕ್ಕೆ ಅದು ತರಬೇತಾಗಿದೆ? ಕಾಗದಪತ್ರ ಕೇಳುವಂತಿಲ್ಲ. ನಾಯಿ ಹತೋಟಿ ತಪ್ಪಿ ರಂಪ ಮಾಡಿದರೆ ಹೊರಗೊಯ್ಯೆನ್ನಬಹುದು.

ನಮ್ಮ ದೇಶದಲ್ಲಿ ಇಂಥ ನಾಯಿಗಳು ಅತಿ ವಿರಳ. ಒಡೆದ ಫುಟ್‌ಪಾತು, ಬೀದಿನಾಯಿಗಳ ಹಿಂಡು, ಎಲ್ಲಿಂದಲೋ ನುಗ್ಗುವ ವಾಹನ, ಇವುಗಳ ನಡುವೆ ಅದರ ಕೆಲಸ ಕಠಿಣ. ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸುಗಮವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ವಿಧಿಸಿದ್ದರೂ, ಬೀದಿ ಇನ್ನೂ ಅದನ್ನು ಓದಿಕೊಂಡಿಲ್ಲ. ನಮ್ಮ ಅಂಧರ ಸಂಗಾತಿ ಬಿಳಿಯ ಕೋಲು. ಆದರೆ ನಡವಳಿಕೆಯ ನೀತಿ ಎರಡಕ್ಕೂ ಒಂದೇ. ಅದನ್ನು ನಾನು ಕಲಿತದ್ದು ತಪ್ಪು ಮಾಡಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಓದು ಮುಗಿದ ಮೇಲೆ ದೃಷ್ಟಿ ಕಳೆದುಕೊಂಡ. ಒಮ್ಮೆ ಅವನು ರಸ್ತೆಯಂಚಿನಲ್ಲಿ ಕೋಲು ಹಿಡಿದು ನಿಂತುದನ್ನು ಕಂಡು ನನ್ನ ಕರುಳು ಚುರುಕ್ಕೆಂದಿತು. ಹಿಂದಿನಿಂದ ಹೋಗಿ ಅವನ ಬಲಗೈ ಹಿಡಿದು ಬಿರಬಿರನೆ ಆಚೆಗೆ ಸೆಳೆದೊಯ್ದೆ. ಅಲ್ಲಿನ ಚಪ್ಪಡಿಯ ಅಂಚಿಗೆ ಅವನ ಕಾಲು ಬಡಿದು ಹೆಬ್ಬೆರಳು ಒಡೆಯಿತು. ದನಿಯಿಂದ ನನ್ನ ಗುರುತು ಹಿಡಿದು, ನೋವು ನುಂಗಿಕೊಂಡು ಹೇಳಿದ: “ಸಾರ್, ನೀವು ಹಿಡಿದದ್ದು ಕೋಲಿನ ಕೈ. ಅದನ್ನು ಹಿಡಿದರೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಇನ್ನೊಂದು ಸಲ ಮೊದಲು ಕೇಳಿ. ಬೇಕಾದರೆ ನಾನೇ ನಿಮ್ಮ ಮೊಣಕೈ ಹಿಡಿದುಕೊಂಡು ಹಿಂದೆ ಬರುತ್ತೇನೆ.” ಕಲಿಸಿದವನಿಗೆ ಕಲಿತವನು ಹೇಳಿದ ಪಾಠ. ಉಪಕಾರವೂ ಅಪ್ಪಣೆ ಪಡೆದು ಬರಬೇಕು.

ಅದಾದ ಮೇಲೆ ಅವನೇ ಇನ್ನೊಂದು ಸೂಕ್ಷ್ಮವನ್ನು ತಿಳಿಸಿದ. ದಾರಿ ಕೇಳಿದಾಗ ಜನ ‘ಅಲ್ಲಿ ಹೋಗಿ, ಇಲ್ಲಿ ತಿರುಗಿ’ ಎನ್ನುತ್ತಾರಂತೆ. ಎಡ, ಬಲ, ಹತ್ತು ಹೆಜ್ಜೆ, ಮೂರು ಮೆಟ್ಟಿಲು ಎಂದರೆ ಮಾತ್ರ ಅವನಿಗೆ ಉಪಯೋಗ. ರೇಡಿಯೋ ಇರುವ ಮನೆಯವರಾದ ನಿಮಗೆ ಇದು ಬೇಗ ತಿಳಿದೀತು. ಕ್ರಿಕೆಟ್ ಆಟದ ವೀಕ್ಷಕ ವಿವರಣೆಗಾರನು ‘ಅಗೋ ಅಲ್ಲಿ ನೋಡಿ’ ಎಂದರೆ ನಮಗೇನು ಕಂಡೀತು? ಚೆಂಡು ಎತ್ತ ಹೋಯಿತೆಂದು ಅವನು ಹೆಸರಿಟ್ಟು ಹೇಳಿದಾಗ ನಮ್ಮ ಕಿವಿಯೇ ಕಣ್ಣಾಗುತ್ತದೆ. ನಾಳೆ ನಿಮ್ಮ ಬೀದಿಯಲ್ಲಿ ಬಿಳಿಯ ಕೋಲಿನವರು ನಿಂತಿದ್ದರೆ, ಎದುರಿಗೆ ಬಂದು, ನಿಮ್ಮ ಹೆಸರು ಹೇಳಿ, ‘ಏನಾದರೂ ಸಹಾಯ ಬೇಕೆ?’ ಎಂದು ಕೇಳಿರಿ. ಬೇಡವೆಂದರೆ ನಮಸ್ಕಾರ ಹೇಳಿ ದಾರಿ ಬಿಡಿರಿ.