ಹಂಚಿಕೊಂಡ ಮನೆಯ ಗಾಳಿ

ಕ್ವಾಲಾಲಂಪುರದ ಅಂಚಿನಲ್ಲಿ, ಹಿಂದೊಮ್ಮೆ ರಬ್ಬರ್ ತೋಟಗಳಿದ್ದ ಬುಕಿತ್ ಕಿಯಾರಾ ದಿಬ್ಬಗಳ ಮಗ್ಗುಲಿಗೆ ಬೆಳೆದಿರುವ ಮಾಂಟ್ ಕಿಯಾರಾ ಎಂಬ ಬಡಾವಣೆಯು ಇಂದು ಎತ್ತರದ ವಸತಿ ಗೋಪುರಗಳಿಂದ ತುಂಬಿಹೋಗಿದೆ. ಜಪಾನೀಯರು, ಕೊರಿಯದವರು, ಯುರೋಪಿನವರು, ನಮ್ಮ ದೇಶದವರು, ಹೀಗೆ ಪರದೇಶಗಳಿಂದ ಉದ್ಯೋಗಕ್ಕಾಗಿ ಬಂದ ಸಂಸಾರಗಳ ನೆಲೆ ಅದು. ಮಲಾಯ ವಿಶ್ವವಿದ್ಯಾಲಯವಾಗಲಿ ದಾಮನ್ಸಾರಾದ ಹೆಲ್ಪ್ ವಿಶ್ವವಿದ್ಯಾಲಯವಾಗಲಿ ಅಲ್ಲಿಂದ ಬಹು ದೂರವಲ್ಲವಾದುದರಿಂದ, ಮೂರು ನಾಲ್ಕು ಮಂದಿ ವಿದ್ಯಾರ್ಥಿಗಳು ಸೇರಿ ಒಂದು ಫ್ಲ್ಯಾಟನ್ನು ಬಾಡಿಗೆಗೆ ಹಿಡಿಯುವುದೂ ಉಂಟು. ಮಣಿಪಾಲದ ಸಂಸ್ಥೆಯು 1997ರಲ್ಲಿ ಮಲಾಕಾ ಪಟ್ಟಣದಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದಂದಿನಿಂದ ಮಲೇಶಿಯದ ಮಕ್ಕಳು ನಮ್ಮ ಕರಾವಳಿಯಲ್ಲಿ ಮನೆ ಹಿಡಿದು ಓದಿದ್ದಾರೆ, ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಬಾಡಿಗೆಗೆ ನಿಂತಿದ್ದಾರೆ. ದೊಡ್ಡ ಕೋಣೆ ಯಾರಿಗೆ, ಕರೆಂಟು ಬಿಲ್ಲಿನಲ್ಲಿ ಯಾರ ಪಾಲೆಷ್ಟು, ಅಕ್ಕಿ ಬೇಯಿಸುವವರು ಯಾರು ಎಂಬುದನ್ನೆಲ್ಲ ಮೊದಲ ದಿನವೇ ತೀರ್ಮಾನಿಸಿಕೊಳ್ಳುವ ಈ ತರುಣರು, ಮನೆಯೊಳಗೆ ಸಿಗರೇಟು ಸೇದಬಹುದೇ ಕೂಡದೇ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಮಾತೆತ್ತದೆ ಬಿಟ್ಟುಬಿಡುತ್ತಾರೆ. ಮುಂದೆ ಆ ಮನೆಯಲ್ಲಿ ಹುಟ್ಟುವ ಮನಸ್ತಾಪಗಳಲ್ಲಿ ಎಷ್ಟೋ ಆ ಮೌನದಿಂದಲೇ ಹುಟ್ಟುತ್ತವೆ.

ಆ ದೇಶದ ಕಾನೂನು ಈ ವಿಷಯದಲ್ಲಿ ನಿದ್ರಿಸುತ್ತಿಲ್ಲ. 2019ರ ಜನವರಿ 1ರಿಂದ ಮಲೇಶಿಯದ ಎಲ್ಲ ಉಪಾಹಾರಗೃಹಗಳಲ್ಲಿ ಧೂಮಪಾನ ನಿಷಿದ್ಧವಾಯಿತು; ತಮಿಳು ಮುಸಲ್ಮಾನರು ಹಗಲಿರುಳು ನಡೆಸುವ ಮಾಮಕ್ ಅಂಗಡಿಗಳಲ್ಲಿ ತೆಹ್ ತಾರಿಕ್ ಎಂಬ ನೊರೆಚಹಾದ ಜೊತೆಗೆ ಹೊಗೆ ಬಿಡುತ್ತಿದ್ದವರೂ ಸೇದಬೇಕೆನಿಸಿದರೆ ಮೇಜುಗಳಿಂದ ಮೂರು ಮೀಟರ್ ಆಚೆಗೆ ಎದ್ದು ಹೋಗಬೇಕಾಯಿತು. ತಮ್ಮ ಹಕ್ಕಿಗೆ ಚ್ಯುತಿ ಬಂದಿತೆಂದು ಏಳು ಮಂದಿ ಧೂಮಪಾನಿಗಳು ನ್ಯಾಯಾಲಯದ ಮೊರೆಹೊಕ್ಕರಾದರೂ ಅದೇ ವರ್ಷದ ಅಕ್ಟೋಬರಿನಲ್ಲಿ ಅವರ ಅರ್ಜಿ ವಜಾ ಆಯಿತು. ಅನಂತರ, ತಂಬಾಕನ್ನೂ ವೇಪ್ ಎಂದು ಜನ ಕರೆಯುವ ವಿದ್ಯುತ್ ಸಿಗರೇಟನ್ನೂ ಒಂದೇ ಶಾಸನದ ಕೆಳಗೆ ತಂದ ಹೊಸ ಕಾಯಿದೆಯೊಂದು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ನಮ್ಮಲ್ಲಿಯೂ 2008ರ ಗಾಂಧೀ ಜಯಂತಿಯಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ತಡೆಯಿದೆ. ಕರ್ನಾಟಕವು 2025ರಲ್ಲಿ ಜಾರಿಗೆ ತಂದ ತಿದ್ದುಪಡಿಯಂತೆ ದಂಡವು ಒಂದು ಸಾವಿರ ರೂಪಾಯಿಗೆ ಏರಿದೆ, ಇಪ್ಪತ್ತೊಂದು ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ.

ಆದರೆ ಈ ಶಾಸನಗಳೆಲ್ಲವೂ ಮನೆಯ ಹೊಸ್ತಿಲಿನ ಬಳಿ ಬಂದು ನಿಂತುಬಿಡುತ್ತವೆ. ಲಿಫ್ಟಿನಲ್ಲಿ ಕೆಂಪು ವೃತ್ತದೊಳಗೆ ಅಡ್ಡಗೆರೆ ಎಳೆದ ಸಿಗರೇಟಿನ ಚಿತ್ರವೂ ಅದರ ಕೆಳಗೆ ‘ದಿಲಾರಂಗ್ ಮೆರೊಕೊಕ್’ ಎಂಬ ಮಲಯ ಎಚ್ಚರಿಕೆಯೂ ಇರುತ್ತದೆ. ಲಿಫ್ಟಿನಿಂದ ಇಳಿದು ಹತ್ತು ಹೆಜ್ಜೆ ನಡೆದು ಬಾಗಿಲು ತೆರೆದರೆ, ಅದರ ಒಳಗಡೆಗೆ ಸರ್ಕಾರದ ಆಜ್ಞೆ ಇಲ್ಲ. ಗೃಹವು ವ್ಯಕ್ತಿಯ ಸ್ವಂತ ಕ್ಷೇತ್ರವೆಂಬ ಭಾವನೆಯು ಈ ಸಂಕೋಚಕ್ಕೆ ಕಾರಣವೆಂದು ತೋರುತ್ತದೆ, ಮತ್ತು ಒಂದು ಸಂಸಾರದ ಮನೆಯ ಮಟ್ಟಿಗೆ ಆ ಭಾವನೆಗೆ ಅರ್ಥವೂ ಇದೆ. ಆದರೆ ಒಬ್ಬರಿಗೊಬ್ಬರು ನಂಟರಲ್ಲದ ನಾಲ್ವರು ಬಾಡಿಗೆಯನ್ನು ಪಾಲು ಹಾಕಿಕೊಂಡು ಇರುವ ಮನೆಯು ಅರ್ಧ ಮನೆ, ಅರ್ಧ ಛತ್ರ. ಅದರ ಶಾಸನವನ್ನು ಅದರೊಳಗಿನವರೇ ಬರೆದುಕೊಳ್ಳಬೇಕು.

ಬರೆದುಕೊಳ್ಳುವ ಮೊದಲು ಆ ಮನೆಯ ಗಾಳಿ ಹೇಗೆ ಸಂಚರಿಸುತ್ತದೆಂಬುದನ್ನು ಅರಿಯುವುದು ಒಳ್ಳೆಯದು. ವರ್ಷವಿಡೀ ಸೆಕೆಯಿರುವ ಆ ಊರಿನಲ್ಲಿ ಕಿಟಕಿಗಳು ಬಹುಪಾಲು ಮುಚ್ಚಿಯೇ ಇದ್ದು, ಗೋಡೆಯ ಮೇಲಣ ಎ.ಸಿ. ಓಡುತ್ತಿರುತ್ತದೆ. ಈ ಯಂತ್ರವು ಹೊರಗಿನಿಂದ ಹೊಸ ಗಾಳಿಯನ್ನು ತರುತ್ತದೆಂದು ಅನೇಕರು ಭಾವಿಸಿದ್ದಾರೆ. ಅದು ಹಾಗಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ, ಅದೇ ಕೋಣೆಗೆ ಹಿಂತಿರುಗಿಸುವುದಷ್ಟೇ ಅದರ ಕೆಲಸ. ಹೊರಗೆ ತೂಗಿರುವ ಪೆಟ್ಟಿಗೆಯಿಂದ ಹೋಗುವುದು ಶಾಖವೇ ಹೊರತು ಹೊಗೆಯಲ್ಲ. ಹೊಗೆಯ ಕಣಗಳಲ್ಲಿ ಅತಿ ಸೂಕ್ಷ್ಮವಾದವು ಅದರ ಜಾಳಿಗೆಗೆ ಸಿಕ್ಕುವುದಿಲ್ಲ. ಸೇದುವವನು ತನ್ನ ಕೋಣೆಯ ಬಾಗಿಲು ಹಾಕಿಕೊಂಡರೂ ಬಾಗಿಲಡಿಯ ಸಂದಿನಿಂದ, ಬಚ್ಚಲಿನ ಗಾಳಿಗಂಡಿಯಿಂದ ಹೊಗೆ ನಡುಮನೆಗೆ ಬಂದೇ ಬರುತ್ತದೆ. ಇದಕ್ಕೆ ಕೆಲವು ವರ್ಷಗಳಲ್ಲಿ ಸುಮಾತ್ರಾ ಬೋರ್ನಿಯೋ ಕಡೆಯ ಕಾಡು ಬೆಂಕಿಯ ಮಬ್ಬು ಸೇರಿಕೊಳ್ಳುತ್ತದೆ. 2015ರಲ್ಲಿ ಆ ಮಬ್ಬು ಕವಿದು ಶಾಲೆಗಳನ್ನೇ ಮುಚ್ಚಿದ್ದರು. ಅಂಥ ದಿನಗಳಲ್ಲಿ ಕಿಟಕಿ ತೆರೆಯುವ ಉಪಾಯವೂ ಕೈಬಿಟ್ಟುಹೋಗುತ್ತದೆ.

ಸಿಗರೇಟಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಮೀರಿದ ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್‌ಕಾರಕಗಳು. ಕೋಣೆಯಲ್ಲಿ ತುಂಬುವ ಹೊಗೆಯ ಬಹುಭಾಗವು ಸೇದಿದವನು ಬಿಟ್ಟದ್ದಲ್ಲ, ಎರಡು ದಮ್ಮುಗಳ ನಡುವೆ ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯಿಂದ ಎದ್ದದ್ದು. ಜಪಾನಿನ ತಾಕೇಶಿ ಹಿರಾಯಾಮಾ ಎಂಬ ಸಂಶೋಧಕರು, ತಾವು ಎಂದೂ ಸೇದದ 91,540 ಮಂದಿ ಗೃಹಿಣಿಯರನ್ನು ಹದಿನಾಲ್ಕು ವರ್ಷಗಳ ಕಾಲ ಗಮನಿಸಿ 1981ರಲ್ಲಿ ಪ್ರಕಟಿಸಿದ ವರದಿಯು, ಹೆಚ್ಚಾಗಿ ಸೇದುವ ಗಂಡಂದಿರ ಹೆಂಡಿರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಇಮ್ಮಡಿಯಾಗಿದ್ದುದನ್ನು ತೋರಿಸಿತು. ತಂಬಾಕಿನ ಉದ್ಯಮಿಗಳು ಅದನ್ನು ಅಲ್ಲಗಳೆಯಲು ಬಹಳ ಹೆಣಗಿದರು. ಮುಂದಿನ ಅಧ್ಯಯನಗಳು ಅದನ್ನು ಎತ್ತಿಹಿಡಿದವು. ಪರರ ಹೊಗೆಯಿಂದ ಪ್ರತಿವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಸಾಲದೆಂಬಂತೆ, ಹೊಗೆ ಕರಗಿದ ಮೇಲೂ ನಿಕೋಟಿನ್ನು ಪರದೆ, ಹಾಸಿಗೆ, ಗೋಡೆಗಳಲ್ಲಿ ಅಂಟಿ ಉಳಿಯುತ್ತದೆ. ಧೂಮಪಾನಿಗಳು ಖಾಲಿ ಮಾಡಿದ ಮನೆಗಳನ್ನು ತೊಳೆದು ಎರಡು ತಿಂಗಳು ಬಿಟ್ಟ ಮೇಲೂ, ಹೊಸದಾಗಿ ಬಂದ ಸೇದದ ಜನರ ಬೆರಳುಗಳಲ್ಲಿ ನಿಕೋಟಿನ್ನು ಸಿಕ್ಕಿತೆಂದು ಅಮೆರಿಕದ ಅಧ್ಯಯನವೊಂದು 2011ರಲ್ಲಿ ವರದಿಮಾಡಿತು.

ಈಗ ತೀರ್ಮಾನದ ಮಾತು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಬಹುಮತದ್ದು: ನಾಲ್ವರಲ್ಲಿ ಮೂವರು ಆಗಬಹುದೆಂದರೆ ಆಯಿತು. ನನಗೆ ಇದು ನ್ಯಾಯವೆಂದು ತೋರುವುದಿಲ್ಲ. ಯಾವ ಸಿನೆಮಾಕ್ಕೆ ಹೋಗಬೇಕೆಂಬುದನ್ನು ಬಹುಮತದಿಂದ ತೀರ್ಮಾನಿಸಬಹುದು, ಒಲ್ಲದವನು ಮನೆಯಲ್ಲಿ ಉಳಿದಾನು. ಆದರೆ ವಠಾರದ ಬಾವಿಯ ನೀರನ್ನು ಕೆಡಿಸಬಹುದೇ ಎಂದು ಯಾವ ವಠಾರದವರೂ ಕೈಯೆತ್ತಿಸಿ ಕೇಳಲಿಲ್ಲ. ಒಬ್ಬರು ಬೇಡವೆಂದರೆ ಅಲ್ಲಿಗೆ ಮುಗಿಯಿತು, ಏಕೆಂದರೆ ಆ ಒಬ್ಬರಿಗೆ ಬೇರೆ ಬಾವಿಯಿಲ್ಲ. ಉಸಿರಿನ ವಿಷಯವೂ ಅಂತಹುದೇ. ಸೇದುವವನಿಗೆ ಹೊರಗೆ ಹೋಗುವ ದಾರಿಯುಂಟು. ಸೇದದವನಿಗೆ, ಅದರಲ್ಲಿಯೂ ಉಬ್ಬಸವಿದ್ದವನಿಗೆ, ಉಸಿರಾಡದೆ ಇರುವ ದಾರಿಯಿಲ್ಲ.

ಬಹುಮತವನ್ನು ನಾನು ನೆಚ್ಚದಿರಲು ಇನ್ನೊಂದು ಕಾರಣ ನಮ್ಮ ನಡವಳಿಕೆಯಲ್ಲಿಯೇ ಇದೆ. ಶಿವಮೊಗ್ಗದಿಂದಲೋ ಕಲಬುರಗಿಯಿಂದಲೋ ಮೊದಲ ಸಲ ವಿಮಾನ ಹತ್ತಿ ಬಂದ ಹದಿನೆಂಟರ ಹುಡುಗನು, ವಿಮಾನನಿಲ್ದಾಣಕ್ಕೆ ಬಂದು ಕರೆದೊಯ್ದು, ಸಿಮ್ ಕಾರ್ಡು ಕೊಡಿಸಿ, ಮುಂಗಡದ ಹಣಕ್ಕೆ ಕೈಸಾಲವಿತ್ತ ಹಿರಿಯ ವಿದ್ಯಾರ್ಥಿಯನ್ನು ಅಣ್ಣಾ ಎಂದು ಕರೆಯುತ್ತಾನೆ. “ಏನಪ್ಪಾ, ನಿಂಗೇನೂ ತೊಂದ್ರೆ ಇಲ್ಲ ತಾನೆ?” ಎಂದು ಆ ಅಣ್ಣನು ಸಿಗರೇಟು ಹಚ್ಚುತ್ತಾ ಕೇಳಿದರೆ, “ಇಲ್ಲಣ್ಣಾ, ಪರವಾಗಿಲ್ಲ” ಎಂಬುದಲ್ಲದೆ ಬೇರೆ ಯಾವ ಉತ್ತರ ಹೊರಟೀತು? ಆ ಉತ್ತರವನ್ನು ಒಪ್ಪಿಗೆಯೆಂದು ಎಣಿಸುವುದು ಅನ್ಯಾಯ. ಆದುದರಿಂದ ಕರಾರಿಗೆ ಸಹಿಯಾಗುವ ಮೊದಲೇ, ಋಣದ ಭಾರ ಬೀಳುವ ಮೊದಲೇ, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳತಕ್ಕದ್ದು. ಮತ್ತು ಕೇಳುವ ಹೊಣೆ ಸೇದುವವನದಾಗಿರತಕ್ಕದ್ದು.

ಹೀಗೆಂದ ಮಾತ್ರಕ್ಕೆ ಸೇದುವವನನ್ನು ಅಪರಾಧಿಯಂತೆ ಕಾಣುವುದು ಸಲ್ಲದು. ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಸಿಗರೇಟಿನ ತಂಬಾಕು, ನಿಪ್ಪಾಣಿಯ ಸುತ್ತ ಬೀಡಿಯ ತಂಬಾಕು ಬೆಳೆದು, ಕರಾವಳಿಯ ಸಾವಿರಾರು ಹೆಣ್ಣುಮಕ್ಕಳ ಬೆರಳುಗಳಿಂದ ಬೀಡಿ ಕಟ್ಟಿಸಿದ ನಾಡು ನಮ್ಮದು. ಹದಿನಾರರ ಹುಡುಗನಿಗೆ ಅಂಗಡಿಯವನು ಬಿಡಿ ಸಿಗರೇಟು ಕೊಟ್ಟು ಕಲಿಸಿದ ಚಟಕ್ಕೆ ಆ ಹುಡುಗನೊಬ್ಬನನ್ನೇ ಹೊಣೆಗಾರನನ್ನಾಗಿ ಮಾಡಲಾರೆವು. ಅವನನ್ನು ಹೊರಗೆ ಹೋಗೆಂದ ಮೇಲೆ ಹೊರಗೆ ಹೋಗಲು ಅನುಕೂಲವನ್ನೂ ಮಾಡಿಕೊಡಬೇಕು. ಆ ಗೋಪುರಗಳಲ್ಲಿ ಕಾರ್ಡಿಲ್ಲದೆ ಲಿಫ್ಟು ಏರುವುದಿಲ್ಲ, ಸಂಜೆಯ ಮಳೆ ಹೇಳದೆ ಕೇಳದೆ ಸುರಿಯುತ್ತದೆ. ಅವನ ಕೈಯಲ್ಲಿ ಒಂದು ಕಾರ್ಡು, ಬಾಗಿಲ ಬಳಿ ಒಂದು ಕೊಡೆ ಇರಲಿ, ಅರ್ಧರಾತ್ರಿ ಬಾಗಿಲು ತೆಗೆದ ಸದ್ದಿಗೆ ಯಾರೂ ಗೊಣಗದಿರಲಿ. ಬಿಡುತ್ತೇನೆಂದು ಅವನಾಗಿಯೇ ಬಂದರೆ ಅದಕ್ಕೆ ನೆರವಾಗುವ ಸೇವೆ ಅಲ್ಲಿಯ ಆರೋಗ್ಯ ಸಚಿವಾಲಯದಲ್ಲಿಯೇ ಉಂಟು.

ಬಾಲ್ಕನಿಯಲ್ಲಿ ಸೇದಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹದಿನೈದನೆಯ ಅಂತಸ್ತಿನ ಬಾಲ್ಕನಿಯ ಹೊಗೆಯು ಹದಿನಾರನೆಯದರ ಕಿಟಕಿಯೊಳಗೆ ಹೋಗುತ್ತದೆ, ಅಲ್ಲಿ ತೊಟ್ಟಿಲ ಕೂಸು ಇರಬಹುದು. ಗಾಜಿನ ಬಾಗಿಲು ತೆರೆದಾಗಲೆಲ್ಲ ಒಂದಷ್ಟು ಒಳಕ್ಕೂ ನುಗ್ಗುತ್ತದೆ. ಬಾಲ್ಕನಿ ಮನೆಯೊಳಗಿನ ಭಾಗವೆಂದೇ ನನ್ನ ಎಣಿಕೆ. ವೇಪನ್ನೂ ನಾನು ಬೇರೆಯಾಗಿ ಕಾಣಲಾರೆ. 2019ರಲ್ಲಿ ಭಾರತ ಅದರ ಮಾರಾಟವನ್ನೇ ನಿಷೇಧಿಸಿತಾದುದರಿಂದ, ಇಲ್ಲಿಂದ ಹೋದ ಹುಡುಗನಿಗೆ ಕ್ವಾಲಾಲಂಪುರದ ಅಂಗಡಿಗಳಲ್ಲಿ ಹಣ್ಣಿನ ಪರಿಮಳದ ಆ ಸಾಧನಗಳನ್ನು ಕಂಡಾಗ ಅವು ನಿರಪಾಯವೆಂಬ ಭ್ರಮೆ ಹುಟ್ಟುವುದು ಸಹಜ. ಆದರೆ ಅದರ ಆವಿಯಲ್ಲಿಯೂ ನಿಕೋಟಿನ್ನೂ ಸೂಕ್ಷ್ಮಕಣಗಳೂ ಇವೆ.

ನಾಲ್ವರೂ ಸೇದುವವರೇ ಆದರೆ? ಆಗ ಅವರೊಳಗೆ ಆಕ್ಷೇಪಿಸುವವರಿಲ್ಲ, ನಿಜ. ಆದರೂ ಮನೆ ಅವರದಲ್ಲ. ಎರಡು ತಿಂಗಳ ಬಾಡಿಗೆಯಷ್ಟು ಠೇವಣಿಯು ಮಾಲೀಕನ ಕೈಯಲ್ಲಿರುತ್ತದೆ, ಹಳದಿಗಟ್ಟಿದ ಗೋಡೆಗೆ ಬಣ್ಣ ಬಳಿಸಿದ ಖರ್ಚು ಅದರಿಂದಲೇ ಕಳೆಯುವ ಸಂಭವವಿದೆ. ಅದಕ್ಕಿಂತಲೂ ಮುಖ್ಯವಾಗಿ, ವಿದ್ಯಾರ್ಥಿಗಳ ಮನೆಯಲ್ಲಿ ಆಳು ಬದಲಾಗುತ್ತಲೇ ಇರುತ್ತಾರೆ. ಒಬ್ಬನ ಓದು ಮುಗಿದು ಅವನ ಕೋಣೆಗೆ ಐದನೆಯವನೊಬ್ಬ ಬಂದಾಗ, ಹಳೆಯ ಮೂವರು ಎಂದೋ ಮಾಡಿಕೊಂಡ ಒಪ್ಪಂದ ಅವನನ್ನು ಕಟ್ಟಿಹಾಕಲಾರದು. ಅವನು ಹಣ ಕೊಡುವ ಮೊದಲೇ ಕೋಣೆಯನ್ನು ತೋರಿಸಿ, ಇಲ್ಲಿ ಸೇದಿದ್ದೇವೆಂದು ಹೇಳಿ, ಪ್ರಶ್ನೆಯನ್ನು ಹೊಸದಾಗಿ ಅವನ ಮುಂದಿಡಬೇಕು, ಅವನು ಒಲ್ಲೆನೆಂದರೆ ಅಂದಿನಿಂದ ಆ ಮನೆಯಲ್ಲಿ ಬೆಂಕಿಕಡ್ಡಿ ಗೀರುವುದು ಒಲೆಗೆ ಮಾತ್ರವಾಗಬೇಕು.